ಮೂರನೆಯ ಒದೆ

ಬನಹಟ್ಟಿಯ ಆ ಓಣಿಯಲ್ಲಿ ಟೊಂಕ ಹಿಡಿದವರು ದವಾಖಾನೆಗೆ ಹೋಗುವ ಮೊದಲು ದಾನಮ್ಮನ ಬಾಗಿಲಿಗೆ ಹೋಗುತ್ತಿದ್ದರು. ದಾನಮ್ಮ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ಒದ್ದರೆ ಟೊಂಕದ ಚಳಕು ಬಿಡುತ್ತದೆಂಬುದು ಸುತ್ತಲಿನ ಊರುಗಳ ನಂಬಿಕೆ. ರವಿವಾರ ಬೆಳಿಗ್ಗೆ, ಅವಳ ಚಹಾ ಆಗುವ ಮೊದಲೇ ಜನ ಬಂದು ಕಟ್ಟೆಯ ಮೇಲೆ ಕೂಡುತ್ತಿದ್ದರು. ಒಬ್ಬೊಬ್ಬರಾಗಿ ಎದ್ದು, ಬಾಗಿಲ ಚೌಕಟ್ಟಿಗೆ ಎರಡೂ ಕೈ ಕೊಟ್ಟು, ಅವಳಿಗೆ ಬೆನ್ನು ಮಾಡಿ ನಿಲ್ಲಬೇಕು. ದಾನಮ್ಮ ಹಿಮ್ಮಡದಿಂದ ಮೂರು ಸಲ ಒದೆಯುತ್ತಿದ್ದಳು. ಒದೆಸಿಕೊಂಡವರು ಮಾತಾಡಬಾರದು, ತಿರುಗಿ ನೋಡಬಾರದು, ನೆಟ್ಟಗೆ ತಮ್ಮ ಮನೆಯ ದಾರಿ ಹಿಡಿಯಬೇಕು. ಅವಳು ಯಾರಿಂದಲೂ ಒಂದು ಅಡಿಕೆ ಚೂರನ್ನೂ ಮುಟ್ಟಿದವಳಲ್ಲ. ಮುಟ್ಟಿದರೆ ಕಾಲಿನ ಗುಣ ಹೋಗುತ್ತದಂತೆ.

ಅದೇ ಕಟ್ಟೆಯ ಮೇಲಿನ ಇನ್ನೊಂದು ಬಾಗಿಲು ಅನಸವ್ವನದು. ಇಬ್ಬರೂ ನೆಗೆಣ್ಣಿಯರು. ದಾನಮ್ಮ ಆ ಮನೆಯ ಹಿರಿಯ ಮಗನ ಹೆಂಡತಿ, ಅನಸವ್ವ ಕಿರಿಯ ಮಗ ರಾಮಣ್ಣನ ಹೆಂಡತಿ. ಒಂದು ಕಾಲಕ್ಕೆ ಇಬ್ಬರಿಗೂ ಒಂದೇ ಬಾಗಿಲು, ಒಂದೇ ಒಲೆ. ಪಾಲಾದಾಗ ಮನೆಯ ನಡುವೆ ಗೋಡೆ ಎದ್ದಿತು. ಕಿಟಕಿಯ ಬೆಳಕು ಬೀಳುವಲ್ಲಿ ಕುಣಿಮಗ್ಗವಿತ್ತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವಂಥದ್ದು. ಮದುವೆಯಾಗಿ ಬಂದಾಗಿನಿಂದ ಅನಸವ್ವ ಅಲ್ಲಿಯೇ ಕೂತು ಸೀರೆ ನೇಯ್ದವಳು. ಪಾಲಿನಲ್ಲಿ ಮಗ್ಗದ ಕಟ್ಟಿಗೆ ಅನಸವ್ವನಿಗೆ ಬಂತು, ಕುಣಿ ಇದ್ದ ಜಾಗ ದಾನಮ್ಮನಿಗೆ ಹೋಯಿತು. ದಾನಮ್ಮನಿಗೆ ನೇಯಲು ಬಾರದು. ಅವಳು ಖಡಕ್ ರೊಟ್ಟಿ ಮಾಡಿ ಅಂಗಡಿಗಳಿಗೆ ಕೊಡುವವಳು. ಆ ಮೂಲೆಯೊಂದನ್ನು ಬಿಟ್ಟುಕೊಡು, ಬದಲಿಗೆ ನನ್ನ ಅಡುಗೆಮನೆ ಇಟ್ಟುಕೋ ಎಂದು ಅನಸವ್ವ ಕೇಳಿದಳು. ಮರುದಿನ ದಾನಮ್ಮ ಮಣ್ಣು ತರಿಸಿ ಕುಣಿಯನ್ನು ಮುಚ್ಚಿಸಿ, ಅದರ ಮೇಲೆ ರೊಟ್ಟಿಯ ಒಲೆ ಹೂಡಿದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಮರುವರ್ಷ ದಾನಮ್ಮನ ಗಂಡ ತೀರಿಕೊಂಡಾಗಲೂ ಅನಸವ್ವ ಮಾಡಬೇಕಾದದ್ದನ್ನೆಲ್ಲ ಮಾಡಿದಳು, ಬಾಯಿ ಮಾತ್ರ ತೆರೆಯಲಿಲ್ಲ.

ಅನಸವ್ವನ ಪಾಲಿಗೆ ಬಂದದ್ದು ಕತ್ತಲ ಭಾಗ. ರಾಮಣ್ಣ ಅಲ್ಲಿ ಹೊಸ ಕುಣಿ ತೋಡಿಕೊಟ್ಟ. ಹಗಲಲ್ಲಿ ದೀಪ ಹಚ್ಚಿದರೂ ಎಳೆ ಸರಿಯಾಗಿ ಕಾಣದು. ಕಡಿದ ಎಳೆ ಹುಡುಕಲು ಅವಳು ಮೂಗು ತಾಗುವಷ್ಟು ಬಾಗಬೇಕಾಗುತ್ತಿತ್ತು. ವರ್ಷಗಳು ಹಾಗೆ ಬಾಗಿಯೇ ಹೋದವು. ಟೊಂಕ ಆಗಾಗ ಗೊಣಗುತ್ತಿತ್ತು, ಅವಳು ಕಿವಿಗೊಡಲಿಲ್ಲ. ಗೋಡೆಯಾಚೆ ದಾನಮ್ಮ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಇವಳು ಲಾಳಿಯ ಹಗ್ಗವನ್ನು ಇನ್ನಷ್ಟು ಜೋರಾಗಿ ಎಳೆಯುತ್ತಿದ್ದಳು. ಆ ಸದ್ದಿಗಿಂತ ತನ್ನ ಸದ್ದು ದೊಡ್ಡದಾಗಬೇಕು, ಅಷ್ಟೇ.

ಕೊನೆಗೆ ಟೊಂಕ ಹಿಡಿದದ್ದು ಮಗ್ಗದ ಮೇಲಲ್ಲ, ಹಿತ್ತಲಲ್ಲಿ. ಬಣ್ಣದ ನೀರಿನಿಂದ ಎತ್ತಿದ ನೂಲಿನ ಲಡಿಗಳನ್ನು ಗೂಟಕ್ಕೆ ಸಿಕ್ಕಿಸಿ ಹಿಂಡುತ್ತಿದ್ದಳು. ಹಸಿ ನೂಲು ಕಲ್ಲಿನಷ್ಟು ಭಾರ. ಬಾಗಿ ತಿರುವಿದಳು, ಇನ್ನೊಮ್ಮೆ ತಿರುವಿದಳು. ಒಳಗೆ ಏನೋ ಕಚಕ್ಕೆಂದಿತು. ನೂಲು ಕೈಯಲ್ಲೇ ಉಳಿಯಿತು, ಅವಳು ಬಾಗಿದಂತೆಯೇ ಉಳಿದಳು.

ರಾಮಣ್ಣ ಎತ್ತಿ ತಂದು ಮಲಗಿಸಿದ. ಎಣ್ಣೆ ತಿಕ್ಕಿದ, ಬಿಸಿ ಉಪ್ಪಿನ ಗಂಟು ಇಟ್ಟ. ಶನಿವಾರ ಸಂಜೆಗೂ ಅವಳು ಗೋಡೆ ಹಿಡಿದೇ ನಡೆಯುವುದನ್ನು ಕಂಡು, ನಾಳೆ ಹೇಗೂ ರವಿವಾರ, ಪಕ್ಕದಲ್ಲೇ ಬಾಗಿಲಿದೆ ಎಂದು ಮೆಲ್ಲಗೆ ಮಾತು ತೆಗೆದ.

"ಆಕೀ ಕಾಲು ನನ್ನ ಮೈಗೆ ತಾಕೂದಕ್ಕಿಂತ ನಾ ಹಿಂಗ ಬಗ್ಗೇ ಸಾಯ್ತೀನಿ," ಎಂದಳು ಅನಸವ್ವ.

"ಅದರಾಗ ಮಾತಾಡೂದೇನಿಲ್ಲಲ್ಲ. ನೀ ಬೆನ್ನ ಕೊಡೂದು, ಆಕಿ ಒದಿಯೂದು. ಮಾತು ಬಿಟ್ಟವರಿಗೆ ಹೇಳಿ ಮಾಡಿಸಿದಂಗೈತಿ."

ಅವಳಿಗೆ ನಗು ಬಂತು. ನಕ್ಕದ್ದಕ್ಕೆ ಟೊಂಕ ಮತ್ತೆ ಹಿಡಿಯಿತು. ಆ ಹಿಡಿತವೇ ಅವಳನ್ನು ಮರುದಿನ ಪಕ್ಕದ ಬಾಗಿಲಿಗೆ ಕರೆದೊಯ್ದದ್ದು.

ಅಂದು ಕಟ್ಟೆಯ ಮೇಲೆ ಮಂದಿ ಬಹಳ. ಎದುರಿಗಿನ ಹಿಟ್ಟಿನ ಗಿರಣಿಯ ಮುರಗೆಪ್ಪ, ಗಿರಣಿ ಬಿಟ್ಟು ಈ ಕಡೆಯೇ ಮುಖ ಮಾಡಿ ಕೂತಿದ್ದ. ಅನಸವ್ವ ಸೆರಗು ಬಿಗಿದು, ದಾನಮ್ಮನ ಮುಖ ನೋಡದೆ ಹೋಗಿ ಚೌಕಟ್ಟು ಹಿಡಿದಳು. ಮೊದಲ ಒದೆ ಬಿತ್ತು. ಹಿಮ್ಮಡ ಇಟ್ಟು ನೂಕಿದಂತೆ. ಎರಡನೆಯದೂ ಹಾಗೆಯೇ. ಆಮೇಲೆ ತುಸು ತಡವಾಯಿತು. ಬೆನ್ನ ಹಿಂದೆ ಉಸಿರು ಎಳೆದುಕೊಂಡ ಸದ್ದು ಕೇಳಿಸಿತು. ಮೂರನೆಯದು ಎಡಗಡೆ ಕೆಳಗೆ, ಮೂಳೆಯ ಸಂದಿಗೆ ಬಂದು ಬಡಿಯಿತು. ಅನಸವ್ವನ ಹಣೆ ಬಾಗಿಲಿಗೆ ತಾಗಿತು. ನೇಮದಂತೆ ಅವಳು ತಿರುಗಿ ನೋಡಲಿಲ್ಲ, ತುಟಿ ಕಚ್ಚಿಕೊಂಡು ತನ್ನ ಮನೆಯೊಳಗೆ ನಡೆದಳು. ಆ ಗಳಿಗೆಯಲ್ಲಿ ದಾನಮ್ಮನ ಮುಖ ಹೇಗಿತ್ತೋ ನೋಡದೆ ಬಂದೆನಲ್ಲ ಎಂಬುದು ಮುಂದೆ ಅವಳನ್ನು ನೋವಿಗಿಂತ ಹೆಚ್ಚು ತಿಂದಿತು.

ಮರುದಿನ ನೋವು ಟೊಂಕ ಬಿಟ್ಟು ಇಳಿಯಿತು. ಎಡ ಕುಂಡಿಯಿಂದ ತೊಡೆಯ ಹಿಂಭಾಗಕ್ಕೆ, ಅಲ್ಲಿಂದ ಮೀನಖಂಡಕ್ಕೆ, ಅಲ್ಲಿಂದ ಕಿರುಬೆರಳ ತನಕ, ಕಾಯಿಸಿದ ತಂತಿಯೊಂದನ್ನು ಯಾರೋ ಒಳಗೆ ಎಳೆದು ಕಟ್ಟಿದಂತೆ. ಕೂತರೆ ಉರಿ, ಕೆಮ್ಮಿದರೆ ಸಿಡಿಲು. ಅಂಗಳದಲ್ಲಿ ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿ ಹಿಂದೆ ಉಳಿದದ್ದೂ ತಿಳಿಯುತ್ತಿರಲಿಲ್ಲ. ಒದೆಸಿಕೊಳ್ಳುವ ಮೊದಲು ಕಾಲು ನೋಯುತ್ತಿರಲಿಲ್ಲ, ಆಮೇಲೆ ನೋಯಿತು. ಇಷ್ಟು ಸಾಕಾಯಿತು ಅನಸವ್ವನಿಗೆ. ದಾನಮ್ಮ ಬೇಕೆಂದೇ ಒದ್ದಿದ್ದಾಳೆ, ಅದನ್ನು ಅವಳ ಬಾಯಿಂದಲೇ ಮಂದಿಯ ಮುಂದೆ ಹೇಳಿಸಬೇಕು. ಹೇಳಿಸಿದ ಮೇಲೆ ಏನು ಬೇಕಾದರೂ ಆಗಲಿ. ಚಾಪೆಯ ಮೇಲೆ ಮಗ್ಗುಲು ಬದಲಿಸಲಾರದೆ ಬಿದ್ದುಕೊಂಡು ಅವಳು ಈ ಒಂದನ್ನೇ ಜಪಿಸಿದಳು.

ಬಾಗಲಕೋಟೆಗೆ ಹೋಗಿ ಸ್ಕ್ಯಾನ್ ಮಾಡಿಸಿದರು. ಬೆನ್ನುಮೂಳೆಗಳ ನಡುವಿನ ಮೆತ್ತನೆಯ ಗಾದಿ ಉಬ್ಬಿ ಕಾಲಿನ ನರವನ್ನು ಒತ್ತುತ್ತಿದೆ, ಈಗಲೇ ಕೊಯ್ಯುವ ಅಗತ್ಯವಿಲ್ಲ, ವ್ಯಾಯಾಮ ಮಾಡಿಸಿ ನೋಡೋಣ ಎಂದರು ಡಾಕ್ಟರು. ಜಮಖಂಡಿಯಲ್ಲಿ ಅದಕ್ಕೆಂದೇ ವೈಶಾಲಿ ಎಂಬ ಫಿಜಿಯೋಥೆರಪಿಸ್ಟ್ ಇದ್ದಳು. ಹೆಂಗಸರಿಗೆ ಬಸ್ಸು ಪುಕ್ಕಟೆ. ಆದರೆ ಅನಸವ್ವನಿಗೆ ಕೂಡುವುದೇ ಆಗದು. ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತುಕೊಂಡೇ ಜಮಖಂಡಿಗೆ ಹೋದಳು. ಕುಳಿತವರು ಪಾಪ ಅನ್ನುವಂತೆ ನೋಡಿದರು. ಆ ಪಾಪವನ್ನೂ ಅವಳು ದಾನಮ್ಮನ ತಲೆಗೇ ಕಟ್ಟಿದಳು.

ವೈಶಾಲಿ ಚಿಕ್ಕ ವಯಸ್ಸಿನವಳು, ಮಾತು ಕಡಿಮೆ. ಬೆರಳು ಮುಟ್ಟಿ ನೋಡಿದಳು, ಕಾಲು ಎತ್ತಿಸಿ ನೋಡಿದಳು. ಉಚ್ಚೆ ತಡೆಯಲಾಗದೇ ಹೋದರೆ, ಕೂಡುವ ಜಾಗವೇ ಜೋಮು ಹಿಡಿದರೆ, ಪಾದ ಎತ್ತಲು ಬಾರದಾದರೆ ಒಂದು ಗಳಿಗೆಯೂ ತಡಮಾಡದೆ ದೊಡ್ಡ ದವಾಖಾನೆಗೆ ಓಡಬೇಕು ಎಂದು ಎಚ್ಚರಿಸಿದಳು. ಅದೆಲ್ಲ ಇಲ್ಲವೆಂದಾದ ಮೇಲೆ ದಿನವಿಡೀ ಮಲಗಿರುವುದನ್ನು ಮೊದಲು ಬಿಡಿಸಿದಳು. ಆಗುವಷ್ಟೇ ಹೆಜ್ಜೆ, ಆದರೆ ಆಗಾಗ ನಡೆಯಬೇಕು. ಏಳುವಾಗ ಮಗ್ಗುಲಾಗಿ, ಕೈ ಊರಿ ಏಳಬೇಕು. ಮುಂದಕ್ಕೆ ಬಾಗುವುದು, ಬಾಗಿದಲ್ಲೇ ತಿರುಗುವುದು ಸದ್ಯ ಬೇಡ. ಮತ್ತು ಬೋರಲು ಮಲಗಿ, ಮೊಳಕೈ ಊರಿ, ಟೊಂಕವನ್ನು ನೆಲಕ್ಕೇ ಬಿಟ್ಟು ಎದೆ ಮಾತ್ರ ಮೇಲೆತ್ತಬೇಕು.

ಎಲ್ಲ ಕೇಳಿದ ಮೇಲೆ ಅನಸವ್ವ ತಾನು ಬಂದ ಕೆಲಸಕ್ಕೆ ಬಂದಳು.

"ಡಾಕ್ಟರ್ ಬಾಯಾರ, ಒದ್ದದ್ದಕ್ಕ ಹಿಂಗಾತು ಅಂತ ಒಂದ ಮಾತು ಹೇಳಿಬಿಡ್ರಿ."

"ಹಂಗ ಹೇಳಾಕ ಬರೂದಿಲ್ಲರಿ ಅನಸವ್ವಾರ. ಬಗ್ಗಿ ಬಗ್ಗಿ ನೇಯ್ದು ಅದು ಮೊದಲ ಸವದಿತ್ತು. ನೂಲು ಹಿಂಡೂವಾಗ ಉಬ್ಬೇತಿ. ಅದರ ಮ್ಯಾಲೆ ಒದಿಸಿಕೊಂಡಿದ್ದು ಖರೇನ ತಪ್ಪು. ಆದ್ರ ಯಾವುದರಿಂದ ಎಷ್ಟು ಅಂತ ತೂಗಿ ಹೇಳಾಕ ಯಾರ ಕಡೀನೂ ತಕ್ಕಡಿ ಇಲ್ಲ."

ಇದರಲ್ಲಿ ಅನಸವ್ವ ಕೊನೆಯ ಭಾಗವನ್ನು ಅಲ್ಲೇ ಬಿಟ್ಟು, "ಒದಿಸಿಕೊಂಡಿದ್ದು ಖರೇನ ತಪ್ಪು" ಎಂಬುದೊಂದನ್ನೇ ಕಟ್ಟಿಕೊಂಡು ಬಂದಳು.

ಅವಳು ವ್ಯಾಯಾಮ ಮಾಡಿದ ರೀತಿಯನ್ನು ಕಂಡಿದ್ದರೆ ವೈಶಾಲಿ ಹೆದರುತ್ತಿದ್ದಳೋ ಏನೋ. ಎದೆ ಎತ್ತುವಾಗ ದಾನಮ್ಮನ ಹೆಸರು, ಇಳಿಸುವಾಗ ಒಂದು ಬೈಗುಳ. ಮೊದಲ ದಿನಗಳಲ್ಲಿ ಮೊಳಕೈ ಊರಿದರೆ ಸಾಕು, ಕಣ್ಣಲ್ಲಿ ನೀರು. ಬಿಟ್ಟುಬಿಡಲೇ ಎನಿಸಿದಾಗಲೆಲ್ಲ ಗೋಡೆಯಾಚೆಯಿಂದ ಕೆಮ್ಮೋ, ಪಾತ್ರೆಯ ಸದ್ದೋ ಬರುತ್ತಿತ್ತು. ಅಷ್ಟು ಸಾಕು, ಇನ್ನೊಂದು ಸಲ ಎದೆ ಮೇಲೇರುತ್ತಿತ್ತು. ಇಷ್ಟು ನಿಷ್ಠೆಯಿಂದ ಹೇಳಿದ್ದನ್ನು ಮಾಡುವವರನ್ನು ತಾನು ಕಂಡಿಲ್ಲವೆಂದು ವೈಶಾಲಿ ಮೆಚ್ಚಿಕೊಂಡಳು. ಮನಸ್ಸಿನೊಳಗೆ ಯಾವ ದೇವರಿದ್ದಾನೆಂದು ಅವಳಿಗೇನು ಗೊತ್ತು.

ವೈಶಾಲಿ ಇನ್ನೊಂದು ಹೇಳಿದ್ದಳು. ನೋವು ಕಾಲಿನ ತುದಿಯಿಂದ ಮೇಲಕ್ಕೆ ಸರಿಯುತ್ತ ಬಂದರೆ, ಟೊಂಕ ಸ್ವಲ್ಪ ಹೆಚ್ಚು ನೊಂದರೂ ಸರಿ, ಅದು ವಾಸಿಯಾಗುವ ಲಕ್ಷಣ. ಅನಸವ್ವ ಇದಕ್ಕೊಂದು ಬಸ್ಸಿನ ದಾರಿ ಮಾಡಿಕೊಂಡಳು. ಟೊಂಕ ಅಂದರೆ ಬನಹಟ್ಟಿ, ತೊಡೆ ಮಹಾಲಿಂಗಪುರ, ಮೊಳಕಾಲು ಮುಧೋಳ, ಕಿರುಬೆರಳು ಲೋಕಾಪುರ. ಎಷ್ಟೋ ದಿನ ನೋವು ಲೋಕಾಪುರ ಬಿಟ್ಟು ಕದಲಲಿಲ್ಲ. ಒಂದು ಬೆಳಿಗ್ಗೆ ಅವಳು ಫೋನ್ ಹಚ್ಚಿ, "ಬಾಯಾರ, ಮುಧೋಳಕ್ಕ ಬಂದೈತ್ರಿ," ಎಂದಳು. ಏನು ಬಂತೆಂದು ವೈಶಾಲಿಗೆ ತಿಳಿಯಲು ಹೊತ್ತು ಹಿಡಿಯಿತು.

ಮಗ್ಗದ ಕಡೆಯೂ ಅವಳು ನೋಡಿಕೊಂಡಳು. ವೈಶಾಲಿ ಹೇಳಿದಂತೆ ರಾಮಣ್ಣ ಕೂಡುವ ಹಲಗೆಯನ್ನು ಎತ್ತರಿಸಿ, ಹಿಂದೆ ಸ್ವಲ್ಪ ಏರು ಮಾಡಿಕೊಟ್ಟ. ಕತ್ತಲ ಮೂಲೆಗೆ ಎರಡು ಬಿಳಿ ದೀಪ ತಂದು ಕಟ್ಟಿದ. ಬಾಗದೆಯೇ ಎಳೆ ಕಂಡಿತು. ಇಷ್ಟು ವರ್ಷ ಇದನ್ನೇಕೆ ಮಾಡಲಿಲ್ಲವೆಂದು ಅವನು ತನ್ನನ್ನೇ ಬೈದುಕೊಂಡ. ಅನಸವ್ವ ಬೈದುಕೊಳ್ಳಲಿಲ್ಲ. ದೀಪ ಬಂದದ್ದರಿಂದ ಕುಣಿ ಮುಚ್ಚಿದವರ ತಪ್ಪು ಕಡಿಮೆಯಾಗುವುದಿಲ್ಲ ಎಂದಳು.

ಈ ನಡುವೆ ಹಗೆಯ ಕೆಲಸವೂ ಸಾಗಿತ್ತು. ಮನೆಯಿಂದ ಹೊರಗೆ ಕಾಲಿಟ್ಟರೆ ಅವಳು ಕುಂಟುತ್ತಿದ್ದಳು. ಆಗ ಅದು ನಿಜದ ಕುಂಟು. ನೀರಿನ ನಲ್ಲಿಯ ಹತ್ತಿರ, ಗಿರಣಿಯ ಮುಂದೆ, ಸೀರೆ ಕೊಡಲು ಹೋದ ಅಂಗಡಿಯಲ್ಲಿ ಯಾರು ಕೇಳಿದರೂ ಅದೇ ಉತ್ತರ: ದಾನಮ್ಮ ಒದ್ದಳು, ಕಾಲು ಹೋಯಿತು. ಮಾತು ಓಣಿ ದಾಟಿತು, ರಬಕವಿಗೂ ಮುಟ್ಟಿತು. ರವಿವಾರದ ಮಂದಿ ಕರಗುತ್ತ ಬಂತು. ಅನಸವ್ವ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಕಟ್ಟೆ ಖಾಲಿಯಿದ್ದ ದಿನ ಅವಳಿಗೆ ರೊಟ್ಟಿ ಒಂದು ಹೆಚ್ಚು ಸೇರುತ್ತಿತ್ತು. ದಾನಮ್ಮ ಮಾತ್ರ ಎಂದಿನಂತೆ ಬೆಳಿಗ್ಗೆ ಎದ್ದು ತನ್ನ ಪಾಲಿನ ಕಟ್ಟೆಯನ್ನಷ್ಟೇ ಗುಡಿಸಿ ಒಳಗೆ ಹೋಗುತ್ತಿದ್ದಳು.

ಹೀಗೆ ನಡೆದಿದ್ದರೆ ಎಲ್ಲ ಅನಸವ್ವ ಎಣಿಸಿದಂತೆಯೇ ಆಗುತ್ತಿತ್ತು. ಆದರೆ ನೋವು ಮುಧೋಳ ಬಿಟ್ಟಿತು, ಮಹಾಲಿಂಗಪುರ ಬಿಟ್ಟಿತು. ಜಮಖಂಡಿಯ ಬಸ್ಸು ಬಂದು ನಿಂತಿದ್ದ ಒಂದು ದಿನ, ಹೊರಟುಬಿಡುತ್ತದೆಂದು ಅವಳು ಓಣಿಯ ತುದಿಯ ತನಕ ಬಿರುಸಾಗಿ ನೆಟ್ಟಗೆ ನಡೆದುಬಿಟ್ಟಳು. ಬಸ್ಸು ಸಿಕ್ಕಿತು. ಹಿಂದೆ ಮುರಗೆಪ್ಪ ಗಿರಣಿಯ ಬಾಗಿಲಲ್ಲಿ ನಿಂತು ನೋಡಿದ್ದ.

ಸಂಜೆ ಅವಳು ತಿರುಗಿ ಬರುವಷ್ಟರಲ್ಲಿ ಓಣಿಗೆಲ್ಲ ಗೊತ್ತಾಗಿತ್ತು. ದಾನಮ್ಮನ ಒದೆ ಸ್ವಲ್ಪ ತಡವಾಗಿ ಹತ್ತಿತು ಎಂದು ಮುರಗೆಪ್ಪ ಹಿಟ್ಟಿಗೆ ಬಂದವರಿಗೆಲ್ಲ ಹಂಚಿದ್ದ. ಹಳೆಯ ಚಳಕು, ಹೊರಬರಲು ದಿನ ಬೇಕಲ್ಲವೇ ಎಂದು ಒಬ್ಬರು ಸೇರಿಸಿದರು. ಮೊದಲು ಕಾಲಿಗಿಳಿದು ಆಮೇಲೆ ಹೋಗುವುದೇ ಅದರ ರೀತಿ ಎಂದರು ಇನ್ನೊಬ್ಬರು. ಜಮಖಂಡಿಯ ವೈಶಾಲಿಯನ್ನಾಗಲಿ, ಬೋರಲು ಬಿದ್ದು ಅತ್ತ ಬೆಳಗುಗಳನ್ನಾಗಲಿ ಯಾರೂ ನೆನೆಯಲಿಲ್ಲ. ಮುಂದಿನ ರವಿವಾರ ಕಟ್ಟೆಯ ಮೇಲೆ ಮತ್ತೆ ಮಂದಿ. ಕೆಲವರು ಅನಸವ್ವನ ಬಾಗಿಲ ಕಡೆ ಕೈ ತೋರಿಸಿ, ಇವಳೇ ಅವಳು ಎಂದು ಹೊಸಬರಿಗೆ ಹೇಳುತ್ತಿದ್ದರು.

ತಾನು ಹೊಟ್ಟೆಯ ಕಿಚ್ಚಿನಿಂದ ಗಳಿಸಿದ ಆರೋಗ್ಯವೆಲ್ಲ ದಾನಮ್ಮನ ಹೆಸರಿಗೆ ಜಮೆಯಾಗುತ್ತಿದೆ! ಅನಸವ್ವ ಆ ದಿನ ಉಣ್ಣಲಿಲ್ಲ. ಮರುದಿನದಿಂದ ಹೊಸಿಲು ದಾಟಿದೊಡನೆ ಕುಂಟತೊಡಗಿದಳು.

ಮನೆಯೊಳಗೆ ನೆಟ್ಟಗೆ, ಓಣಿಯಲ್ಲಿ ಕುಂಟು. ಕೊಡ ಹಿಡಿದು ನಲ್ಲಿಗೆ ಹೋಗುವಾಗ ನಡುವೆ ನಿಂತು ನಿಟ್ಟುಸಿರು. ರಾಮಣ್ಣ ಮೊದಲು ಗಾಬರಿಯಾದ, ಆಮೇಲೆ ಅರ್ಥವಾಗಿ ತಲೆ ಹಿಡಿದುಕೊಂಡ.

"ಮನ್ಯಾಗ ಕುದುರಿ, ಓಣ್ಯಾಗ ಕುಂಟಿ. ಯಾರಿಗೆ ಮಾಡಾಕತ್ತಿ ಈ ಸ್ವಾಂಗ?"

"ಸ್ವಾಂಗ ಅಲ್ಲ. ಮಂದಿ ಮರತಾರ, ನೆನಪ ಮಾಡಿ ಕೊಡಾಕತ್ತೇನಿ."

ಆದರೆ ದೇಹಕ್ಕೆ ಸ್ವಾಂಗ ತಿಳಿಯದು. ಒಂದೇ ಕಡೆ ಭಾರ ಹಾಕಿ ಹಾಕಿ ಬಲಗಡೆ ಸೊಂಟದ ಚಪ್ಪೆಯಲ್ಲಿ ಹೊಸ ನೋವು ಹುಟ್ಟಿತು. ಮುಂದಿನ ಸಲ ಜಮಖಂಡಿಗೆ ಹೋದಾಗ ವೈಶಾಲಿ ಅವಳನ್ನು ಕೋಣೆಯ ತುದಿಯಿಂದ ತುದಿಗೆ ನಡೆಸಿದಳು. ಎಡಗಾಲು ಗಟ್ಟಿಯಾಗಿದೆ, ಒಂಟಿಗಾಲಲ್ಲಿ ನಿಲ್ಲುವಷ್ಟಾಗಿದೆ, ಬಲಗಡೆ ಏಕೆ ಹೀಗೆ ಬಿಗಿದಿದೆ ಎಂದು ಕೇಳಿದಳು. ಅನಸವ್ವ ಕಿಟಕಿಯ ಹೊರಗೆ ನೋಡಿದಳು. ಹೀಗೆಯೇ ಸೊಟ್ಟ ನಡೆದರೆ ಒಂದು ವಾಸಿಯಾದ ಜಾಗದಲ್ಲಿ ಇನ್ನೊಂದು ಕೂಡುತ್ತದೆ, ಮೊದಲಿನಿಂದ ಸುರುಮಾಡಬೇಕಾಗುತ್ತದೆ ಎಂದಳು ವೈಶಾಲಿ. ಬಸ್ಸಿನಲ್ಲಿ ಅನಸವ್ವನಿಗೆ ಸೀಟು ಸಿಕ್ಕಿತು. ಕೂತುಕೊಂಡಳು, ಕಾಲು ಉರಿಯಲಿಲ್ಲ. ಇಷ್ಟನ್ನು ಕೈಬಿಟ್ಟು ಕುಂಟುತ್ತ ಹೋಗಬೇಕೇ, ಅಥವಾ ನೆಟ್ಟಗೆ ನಡೆದು ದಾನಮ್ಮನ ಕೀರ್ತಿಯನ್ನು ತಾನೇ ಹೊತ್ತು ಮೆರೆಸಬೇಕೇ? ಊರು ಬರುವ ತನಕ ಯೋಚಿಸಿದಳು. ಇಳಿಯುವಾಗ ಕುಂಟುತ್ತಲೇ ಇಳಿದಳು.

ಮರುದಿನವೇ ರವಿವಾರ. ಕಟ್ಟೆ ತುಂಬಿತ್ತು. ರಬಕವಿಯಿಂದ ಬಂದ ದಪ್ಪನೆಯ ಮನುಷ್ಯನೊಬ್ಬ ಚೌಕಟ್ಟು ಹಿಡಿದು ಕಣ್ಣು ಮುಚ್ಚಿ ನಿಂತಿದ್ದ. ದಾನಮ್ಮ ಕಾಲು ಎತ್ತಿದ್ದಳು. ಅನಸವ್ವ ಕೊಡ ಹಿಡಿದು ಹೊರಬಂದು, ಎಲ್ಲರಿಗೂ ಕಾಣುವಂತೆ ಅವರ ಮುಂದೆಯೇ ಒಂದು ಕಾಲು ಎಳೆಯುತ್ತ ಹೊರಟಳು. ಮುರಗೆಪ್ಪ ಗಿರಣಿಯಿಂದ ಇಣುಕಿದ.

ದಾನಮ್ಮ ಎತ್ತಿದ ಕಾಲು ಇಳಿಸಿದಳು. ಒದೆ ಮುಗಿಯುವ ತನಕ ಅವಳು ಬಾಯಿ ತೆರೆದದ್ದನ್ನು ಯಾರೂ ಕಂಡವರಲ್ಲ.

"ಅನಸವ್ವಾ," ಎಂದಳು. "ನಾ ಒದ್ದಿದ್ದು ಎಡಕ್ಕ. ನೀ ಕುಂಟಾಕತ್ತಿದ್ದು ಬಲಗಾಲಲೇ."

ಅನಸವ್ವ ತನ್ನ ಕಾಲುಗಳನ್ನು ನೋಡಿಕೊಂಡಳು. ಹೌದು. ಯಾವ ದಿನದಿಂದ ಅದಲು ಬದಲಾಗಿತ್ತೋ ಅವಳಿಗೇ ತಿಳಿಯದು. ಬಲಗಡೆ ನಿಜಕ್ಕೂ ನೋಯುತ್ತಿತ್ತಲ್ಲ, ಕಾಲು ತನ್ನಷ್ಟಕ್ಕೆ ಆ ಕಡೆ ಹೊರಳಿತ್ತು. ಮುರಗೆಪ್ಪ ಕಿಸಕ್ಕೆಂದ. ಕಟ್ಟೆಯ ಮೇಲಿನವರೂ ನಕ್ಕರು. ನಾಚಿಕೆ ಅನಸವ್ವನ ಕಿವಿಯ ತನಕ ಏರಿತು. ಮತ್ತೆ ಏನೋ ಹೊಳೆದಂತೆ ಅವಳು ಕೊಡವನ್ನು ಕಟ್ಟೆಯ ಮೇಲಿಟ್ಟಳು. ಎರಡೂ ಕಾಲ ಮೇಲೆ ನೆಟ್ಟಗೆ ನಿಂತಳು.

"ಎಡಕ್ಕ ಅಂಬೂದು ನೆನಪೈತೇನ ನಿನಗ?"

"ಐತಿ."

"ವಾರಾ ವಾರಾ ಮಂದೀಗ ಒದಿಯಾಕಿ ನೀ. ಯಾರದು ಎಲ್ಲಿ ಅಂತ ನೆನಪಿಡತೀಯೇನ? ನಂದೊಂದ ಹೆಂಗ ಉಳದೈತಿ?"

ಕಟ್ಟೆಯ ಮೇಲಿನ ನಗು ನಿಂತಿತು. ರಬಕವಿಯವನು ಚೌಕಟ್ಟು ಬಿಟ್ಟು ತಿರುಗಿ ನೋಡಿದ. ಅವನಿಗೆ ಯಾರೂ ನೇಮ ನೆನಪಿಸಲಿಲ್ಲ.

"ಮೂರನೇದ್ದರ ಮಾತು ಹೇಳು," ಎಂದಳು ಅನಸವ್ವ. "ಮಂದಿ ಅದಾರ. ಇವರ ಮುಂದ ಹೇಳು."

ಇದಕ್ಕಾಗಿಯೇ ಅವಳು ಎದ್ದು ನಿಂತದ್ದು, ನಡೆದದ್ದು, ಕುಂಟಿದ್ದು. ಇಲ್ಲವೆಂದರೆ ಏನು ಮಾಡುವುದೆಂದು ಅವಳು ಯೋಚಿಸಿರಲೇ ಇಲ್ಲ. ದಾನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಒಲೆಯ ಮುಂದೆ ಬೆಂದ ಮುಖ, ರೆಪ್ಪೆಯ ಕೂದಲು ಸುಟ್ಟು ಮೊಂಡಾಗಿದ್ದವು.

"ಎರಡು ಒದ್ದಿದ್ದು ನಿನ್ನ ಟೊಂಕಕ್ಕ," ಎಂದಳು. "ಮೂರನೇದ್ದು ನಂದು. ಸಿಟ್ಟಿಲೇ ಒದ್ನಿ."

ಕಟ್ಟೆಯ ಮೇಲೆ ಯಾರೋ ಶಿವಶಿವಾ ಎಂದರು. ದಾನಮ್ಮ ನಿಲ್ಲಲಿಲ್ಲ.

"ನಿಮ್ಮ ಭಾವ ಹ್ವಾದ ಮೂರನೇ ದಿನ. ನಾ ಈ ಗ್ವಾಡಿಗೆ ತಲಿ ಕೊಟ್ಟು ಕುಂತಿದ್ನಿ. ಆ ಕಡೆ ನೀ ಮಗ್ಗಾ ಸುರು ಮಾಡಿದಿ. ಲಟಕ್ ಪಟಕ್, ಲಟಕ್ ಪಟಕ್. ನನ್ನ ತಲ್ಯಾಗ ನೇಯ್ದಂಗ. ಮಣ್ಣಿನ ಕುಣಿ ಮುಚ್ಚಿದ್ದಕ್ಕ ಅಷ್ಟ ಸಿಟ್ಟ ಬಂತಲ್ಲ ನಿನಗ. ನನ್ನ ಮನಿ ಮುಚ್ಚಿತ್ತು, ನೀ ಒಂದ ದಿನ ತಡೀಲಿಲ್ಲ."

ಮದುವೆಯ ಸೀರೆಯೊಂದನ್ನು ಮುಗಿಸಿ ಕೊಡಬೇಕಿತ್ತು, ಅನಸವ್ವನಿಗೆ ನೆನಪಾಯಿತು. ಬಾಯಿ ತೆರೆದರೆ ಹೇಳಬಹುದಿತ್ತು. ಆದರೆ ಆ ಬೆಳಿಗ್ಗೆ ಗೋಡೆ ದಾಟಿ ಬರುತ್ತಿದ್ದ ಅಳುವೂ ನೆನಪಾಯಿತು. ಅದನ್ನು ಕೇಳಲಾರದೆ ಮಗ್ಗಕ್ಕೆ ಇಳಿದೆನೋ, ಅದರ ಮೇಲೆ ತನ್ನ ಸದ್ದು ಏರಲಿ ಎಂದು ಇಳಿದೆನೋ, ಅವಳು ಎಂದೂ ತನ್ನನ್ನು ಕೇಳಿಕೊಂಡಿರಲಿಲ್ಲ. ಈಗ ಕೇಳಿಕೊಳ್ಳಲು ಇಷ್ಟವೂ ಇರಲಿಲ್ಲ.

ಅಷ್ಟರಲ್ಲಿ ದಾನಮ್ಮ ರಬಕವಿಯವನನ್ನು ಪಕ್ಕಕ್ಕೆ ಸರಿಸಿ, ತಾನೇ ಚೌಕಟ್ಟಿಗೆ ಎರಡೂ ಕೈ ಕೊಟ್ಟು ಬೆನ್ನು ಮಾಡಿ ನಿಂತಳು.

"ಒದಿ. ತೀರಿಸಿಕೋ. ನಾನೂ ಮಾತಾಡೂದಿಲ್ಲ, ತಿರುಗಿ ನೋಡೂದಿಲ್ಲ."

ಅನಸವ್ವ ಹತ್ತಿರ ಹೋದಳು, ಬಲಗಾಲ ಮೇಲೆ ನಿಂತು ಎಡಗಾಲು ಎತ್ತಿದಳು. ಚಪ್ಪಲಿ ಜಾರಿದರೂ ತಿಳಿಯದಿದ್ದ ಕಾಲು ಈಗ ಹೇಳಿದ ಮಾತು ಕೇಳಿ ಗಾಳಿಯಲ್ಲಿ ನಿಂತಿತ್ತು. ಎದುರಿಗೆ ದಾನಮ್ಮನ ಬೆನ್ನು. ಬೆವರಿದ ಕುಪ್ಪಸ ಅಂಟಿಕೊಂಡು ಮೂಳೆಗಳು ಒಂದರ ಕೆಳಗೊಂದು ಎದ್ದು ಕಾಣುತ್ತಿದ್ದವು. ಎಲ್ಲಿ ಒದ್ದರೆ ಯಾವ ನರ, ಅದು ಯಾವ ದಾರಿಯಲ್ಲಿ ಎಲ್ಲಿಯ ತನಕ ಉರಿಯುತ್ತದೆ, ಕೂಡಲು ಬಾರದೆ, ಮಲಗಲು ಬಾರದೆ ಎಷ್ಟು ಕಾಲ ಕಳೆಯಬೇಕಾಗುತ್ತದೆ, ಎಲ್ಲವೂ ಅನಸವ್ವನಿಗೆ ಗೊತ್ತು.

ಅವಳು ಕಾಲು ಕೆಳಗಿಟ್ಟಳು.

"ಒದಿಯೂದಿಲ್ಲ ನಾ," ಎಂದಳು. "ಒದ್ರ ನಿನ್ನ ಸಾಲ ಮುಗೀತೈತಿ. ಮುಗಸಾಕ ನನಗ ಮನಸಿಲ್ಲ."

ಕೊಡ ಎತ್ತಿಕೊಂಡಳು. ಮೊಳಕಾಲು ಮಡಿಸಿ, ಬೆನ್ನು ಬಾಗಿಸದೆ, ವೈಶಾಲಿ ಕಲಿಸಿದಂತೆಯೇ ಎತ್ತಿಕೊಂಡಳು. ಯಾರು ಏನು ಬೇಕಾದರೂ ಅಂದುಕೊಳ್ಳಲಿ ಎಂದು ನಲ್ಲಿಯ ತನಕ ನೆಟ್ಟಗೆ ನಡೆದಳು. ಅವಳು ನೀರು ತುಂಬಿಕೊಂಡು ತಿರುಗಿ ಬಂದಾಗಲೂ ದಾನಮ್ಮ ಚೌಕಟ್ಟು ಹಿಡಿದೇ ನಿಂತಿದ್ದಳು. ಕಟ್ಟೆಯ ಮೇಲಿನ ಮಂದಿ ಒಬ್ಬೊಬ್ಬರಾಗಿ ಎದ್ದು ಹೋಗಿದ್ದರು. ಅನಸವ್ವನಿಗೆ ತಂಪಾಯಿತು. ಮಧ್ಯಾಹ್ನದ ತನಕ ಆ ತಂಪು ಇತ್ತು. ಆಮೇಲೆ ಮಗ್ಗಕ್ಕೆ ಇಳಿದಳು, ಲಾಳಿಯ ಹಗ್ಗಕ್ಕೆ ಕೈ ಹಾಕಿದಳು, ಎಳೆಯಲಾಗದೆ ಎದ್ದುಬಿಟ್ಟಳು. ಟೊಂಕ ಹಿಡಿಯಿತೇ ಎಂದು ರಾಮಣ್ಣ ಕೇಳಿದ. ಇಲ್ಲವೆಂದಳು.

ಮುಂದಿನ ರವಿವಾರ ಅವಳ ಬಾಗಿಲು ಬಡಿದ ಸದ್ದಾಯಿತು. ಮುಧೋಳದ ಕಡೆಯವನು, ಲಗಮಣ್ಣ ಎಂದು ಹೆಸರು, ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು. ಒಂದು ಕೈ ಟೊಂಕದ ಮೇಲೆ, ಇನ್ನೊಂದು ಗೋಡೆಯ ಮೇಲೆ. ಒದೆಸಿಕೊಳ್ಳಲು ಪಕ್ಕದ ಬಾಗಿಲಿಗೆ ಹೋಗಿದ್ದನಂತೆ. ತನ್ನ ಕಾಲಿನಲ್ಲಿ ಸಿಟ್ಟು ಸೇರಿಕೊಂಡಿದೆ, ಇನ್ನು ಒದೆಯುವುದಿಲ್ಲ, ಆ ಮನೆಗೆ ಹೋಗಿ, ಅವಳಿಗೆ ಗೊತ್ತಿದೆ ಎಂದು ದಾನಮ್ಮ ಕಳಿಸಿದಳಂತೆ. ಅವನ ಹಿಂದೆ ಇನ್ನಿಬ್ಬರು ಹೆಂಗಸರು ಕಟ್ಟೆ ಹತ್ತುತ್ತಿದ್ದರು.

ಅನಸವ್ವ ಹೊರಗೆ ಬಂದು ನೋಡಿದಳು. ದಾನಮ್ಮ ತನ್ನ ಪಾಲಿನ ಕಟ್ಟೆಯ ಮೇಲೆ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತಿದ್ದಳು. ಸೋತು ಕಳಿಸಿದಳೇ, ಅಥವಾ ಊರಿನ ಟೊಂಕನೋವನ್ನೆಲ್ಲ ತನ್ನ ಕೊರಳಿಗೆ ಕಟ್ಟಿ ಸೇಡು ತೀರಿಸಿಕೊಂಡಳೇ ಎಂದು ಅನಸವ್ವ ಗೊಣಗಿಕೊಂಡಳು. ದಾನಮ್ಮನ ಮುಖದಲ್ಲಿ ಏನೂ ಕಾಣಲಿಲ್ಲ. ಎರಡೂ ಇರಬಹುದು ಎಂದ ಒಳಗಿನಿಂದ ರಾಮಣ್ಣ.

ಓಡಿಸಬೇಕೆಂದೇ ಅನಸವ್ವ ಬಾಯಿ ತೆರೆದಳು. ಆದರೆ ಲಗಮಣ್ಣನ ಮುಖ ಸೊಟ್ಟಗಾಗಿತ್ತು. ನಿಂತಲ್ಲೇ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದ. ಆ ಬದಲಿಸುವುದನ್ನು ಅವಳು ಬಲ್ಲಳು. ಒಳಗೆ ಹೋಗಿ ಚಾಪೆ ತಂದು ತನ್ನ ಪಾಲಿನ ಕಟ್ಟೆಯ ಮೇಲೆ ಹಾಸಿದಳು. ಉಚ್ಚೆ ಸರಿಯಾಗಿ ಹೋಗುತ್ತದೆಯೇ, ಕೂಡುವ ಜಾಗ ಜೋಮು ಹಿಡಿದಿದೆಯೇ, ಪಾದ ಎತ್ತಲು ಬರುತ್ತದೆಯೇ ಎಂದು ಒಂದೊಂದಾಗಿ ಕೇಳಿದಳು. ನಾಳೆಯೇ ಜಮಖಂಡಿಗೆ ಹೋಗಬೇಕು, ತಾನು ಡಾಕ್ಟರಲ್ಲ, ಇವತ್ತು ಬರೀ ಮಲಗುವುದು ಏಳುವುದು ತೋರಿಸುತ್ತೇನೆ ಎಂದಳು. ಲಗಮಣ್ಣ ನರಳುತ್ತ ಬೋರಲಾದ.

"ಇನ್ನ ಸಾಯೂತನಾ ಯಾರ ಒದಿಗೂ ಬೆನ್ನ ಕೊಡಬ್ಯಾಡ್ರಿ," ಎಂದಳು ಅನಸವ್ವ, ಪಕ್ಕದ ಕಟ್ಟೆಗೆ ಕೇಳುವಂತೆ.

ದಾನಮ್ಮ ಜೋಳದಿಂದ ತಲೆ ಎತ್ತಲಿಲ್ಲ. "ಆಕೀ ಮಾತು ಕೇಳ್ರಿ ಅಣ್ಣಾರ," ಎಂದಳು. "ಆಕಿ ಅನುಭೋಗಿಸ್ಯಾಳ."

"ನೀ ನಡುವ ಬಾಯಿ ಹಾಕಬ್ಯಾಡ," ಎಂದಳು ಅನಸವ್ವ, ಮತ್ತು ಲಗಮಣ್ಣನಿಗೆ ಮೊಳಕೈ ಊರಲು ಹೇಳಿದಳು.